ಮಕ್ಕಳ ಡಬ್ಬಾ ಕಟ್ಟಿ ಲಾ ಕಾಲೇಜಿಗೆ: ಮುಂಬಯಿಯಲ್ಲಿ ನಲವತ್ತರ ಆಸುಪಾಸಿನಲ್ಲಿ ಎಲ್‌ಎಲ್‌ಬಿ ಓದುವುದು ಹೇಗೆ

ನನ್ನ ಮಾವ ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕೂತು ಹತ್ತನೇ ಕ್ಲಾಸು ಪಾಸು ಮಾಡಿದರು. ಈ ಊರಿನಲ್ಲಿ ಹಾಗೆ ಓದಿದ ನಮ್ಮವರು ಬೇಕಾದಷ್ಟು ಮಂದಿ ಇದ್ದಾರೆ. ಹಾಗಾಗಿ 2022ರಲ್ಲಿ, 39ನೇ ವಯಸ್ಸಿಗೆ, ಎಲ್‌ಎಲ್‌ಬಿ ಸೇರುತ್ತೇನೆ ಎಂದು ನಾನು ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಕೇಳಿದ್ದು ಒಂದೇ ಮಾತು: "ರಾತ್ರಿ ಕಾಲೇಜು ಯಾವ ಸ್ಟೇಷನ್ ಹತ್ರ ಮಗಾ?"

ಯಾವ ಸ್ಟೇಷನ್ ಹತ್ತಿರವೂ ಇಲ್ಲ. ವಕೀಲಿಗೂ ಕಾನೂನು ಓದಿಗೂ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮಗಳ ಪ್ರಕಾರ ಕಾನೂನು ಕ್ಲಾಸುಗಳು ಬೆಳಗ್ಗೆ 8ರಿಂದ ಸಂಜೆ 7ರ ಒಳಗೆ ನಡೆಯಬೇಕು. ಅಂಚೆಯಲ್ಲಿ, ಮನೆಯಲ್ಲೇ ಕೂತು ಮಾಡಿದ ಎಲ್‌ಎಲ್‌ಬಿಗೆ ವಕೀಲಿಯ ಸನದು, ಅಂದರೆ ಕೋರ್ಟಿನಲ್ಲಿ ವಾದಿಸುವ ಪರವಾನಗಿ, ಸಿಗುವುದಿಲ್ಲ. ಅಂದರೆ ಮಕ್ಕಳು ಶಾಲೆಗೆ ಹೊರಡುವ, ಬಸ್ಸಿನಿಂದ ಇಳಿಯುವ, ಹೋಂವರ್ಕಿಗೆ ಕೂರುವ ಹೊತ್ತಿನಲ್ಲೇ ನಿಮ್ಮ ಕ್ಲಾಸೂ ಇರುತ್ತದೆ.

"ಈ ವಯಸ್ಸಿನಲ್ಲಿ ತಲೆಗೆ ಹತ್ತುತ್ತದಾ?" ಎಂದು ಎಲ್ಲರೂ ಕೇಳುತ್ತಾರೆ. ಹತ್ತುತ್ತದೆ. ಹದಿನೈದು ವರ್ಷ ಮನೆ ನಡೆಸಿದವರಿಗೆ ಕರಾರು, ಜಗಳ, ಬಾಡಿಗೆ, ಆಸ್ತಿ ಅಂದರೆ ಏನೆಂದು ಇಪ್ಪತ್ತರ ಹುಡುಗರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ನನ್ನನ್ನು ಸುಸ್ತು ಮಾಡಿದ್ದು ಓದಲ್ಲ, ಮಧ್ಯಾಹ್ನ 12.40ಕ್ಕೆ ಮಗಳ ಬಸ್ಸು ಬರುವಾಗ ಗೇಟಿನಲ್ಲಿ ಯಾರು ನಿಂತಿರುತ್ತಾರೆ ಅನ್ನುವ ಪ್ರಶ್ನೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕಾನೂನಿಗಿಂತ ಗಡಿಯಾರವೇ ಜಾಸ್ತಿ. ನಾನು ಡೊಂಬಿವಲಿಯವಳು, ಸೇರಿದಾಗ ಮಗನಿಗೆ 11, ಮಗಳಿಗೆ 5.

ಹೆಜ್ಜೆ 1: ಮೊದಲು ಬಾಗಿಲು ತೆರೆದಿದೆಯೇ ನೋಡಿ

ಇದು ಬೇಗ ಮುಗಿಯುವ ಕೆಲಸ. ಡಿಗ್ರಿ ಆಗಿದ್ದರೆ ಮೂರು ವರ್ಷದ ಎಲ್‌ಎಲ್‌ಬಿ, ಪಿಯುಸಿ ಮಾತ್ರ ಆಗಿದ್ದರೆ ಐದು ವರ್ಷದ್ದು. ಮೂರು ವರ್ಷದ ಕೋರ್ಸಿಗೆ ಯಾವ ವಿಷಯದ ಡಿಗ್ರಿಯಾದರೂ ಆಗುತ್ತದೆ. ಸಾಮಾನ್ಯ ವರ್ಗಕ್ಕೆ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 40 ಪರ್ಸೆಂಟ್ ಅಂಕ ಬೇಕು.

ವಯಸ್ಸಿನ ಬಗ್ಗೆ ಹಳೆಯ ಸುದ್ದಿ ಇನ್ನೂ ಓಡಾಡುತ್ತಿದೆ. ಬಾರ್ ಕೌನ್ಸಿಲ್ ಒಮ್ಮೆ ಮೂರು ವರ್ಷದ ಕೋರ್ಸಿಗೆ 30, ಐದು ವರ್ಷದ್ದಕ್ಕೆ 20 ಎಂದು ಮಿತಿ ಹಾಕಿತ್ತು. 2017ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಮಹಾರಾಷ್ಟ್ರದ ಪ್ರವೇಶ ಪರೀಕ್ಷೆಗೆ ವಯಸ್ಸಿನ ಮೇಲ್ಮಿತಿ ಇಲ್ಲ. ನನ್ನ ಕ್ಲಾಸಿನಲ್ಲಿ ರಿಟೈರ್ ಆದ ಒಬ್ಬ ಬ್ಯಾಂಕ್ ಮ್ಯಾನೇಜರ್ ಇದ್ದರು. ಮೊದಲ ಬೆಂಚು ಅವರದೇ.

ಮುಕ್ತ ವಿಶ್ವವಿದ್ಯಾಲಯದ ಡಿಗ್ರಿ ಇದ್ದರೂ ಸರಿ, ಆದರೆ ಹತ್ತು ಮತ್ತು ಪಿಯುಸಿ ಕ್ರಮವಾಗಿ ಪಾಸಾಗಿರಬೇಕು. ಪಿಯುಸಿ ಇಲ್ಲದೆ ನೇರ ಡಿಗ್ರಿ ಮಾಡಿದವರಿಗೆ ನಿಯಮ ಅಡ್ಡ ಬರುತ್ತದೆ.

ಹೆಜ್ಜೆ 2: ಒಂದು ವಾರದ ಗಂಟೆಗಳನ್ನು ಬರೆಯಿರಿ

ಅರ್ಜಿ ಹಾಕುವ ಮೊದಲೇ ಇದನ್ನು ಮಾಡಿ. ಮಕ್ಕಳ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಸೋಮವಾರದಿಂದ ಶನಿವಾರದವರೆಗೆ ಗೆರೆ ಎಳೆಯಿರಿ. ನೀವಿಲ್ಲದೆ ನಡೆಯದ ಕೆಲಸಗಳನ್ನು ಮಾತ್ರ ತುಂಬಿ. ನೀವೇ ಮಾಡುತ್ತಿರುವ ಎಲ್ಲ ಕೆಲಸಗಳನ್ನೂ ಬರೆದರೆ ಹಾಳೆ ತುಂಬಿ ಹೋಗುತ್ತದೆ, ಅಲ್ಲಿಗೆ ಕಥೆ ಮುಗಿಯಿತು.

ನನ್ನ ಹಾಳೆಯಲ್ಲಿ ಮೊದಲ ದಿನ 31 ಸಾಲು ಇತ್ತು. ಒಂದು ವಾರ ಬಿಟ್ಟು ಪ್ರಾಮಾಣಿಕವಾಗಿ ನೋಡಿದಾಗ ಉಳಿದದ್ದು ಒಂಬತ್ತು. ಇಡ್ಲಿ ಹಿಟ್ಟು ರುಬ್ಬುವುದು ಹೋಯಿತು, ಅಂಗಡಿಯದ್ದು ಬಂತು. ಅತ್ತೆಗೆ ಅದು ಇವತ್ತಿಗೂ ರುಚಿಸಿಲ್ಲ. ಮಗನ ಹೋಂವರ್ಕ್ ಪಕ್ಕದಲ್ಲಿ ಕೂತು ಮಾಡಿಸುವುದು ಹೋಯಿತು. ಅದು ಹೋದ ಮೇಲೆ ಅವನ ಅಂಕವೇನೂ ಇಳಿಯಲಿಲ್ಲ. ಸ್ವಲ್ಪ ಬೇಜಾರಾಯಿತು, ನಿಜ ಹೇಳಬೇಕಲ್ವಾ.

ಈಗ ಇನ್ನೊಂದು ಕಡೆ ಕಾಲೇಜಿನ ಗಂಟೆ ಬರೆಯಿರಿ. ನಿಯಮದ ಪ್ರಕಾರ ವಾರಕ್ಕೆ ಕನಿಷ್ಠ 24 ಗಂಟೆ ಪಾಠ. ಚರ್ಚೆ, ಅಣಕು ಕೋರ್ಟು, ಸೆಮಿನಾರ್ ಎಲ್ಲ ಸೇರಿ 30. ಅದರ ಮೇಲೆ ಹೋಗಿ ಬರುವ ಸಮಯ. ಮುಂಬಯಿಯಲ್ಲಿ ಬಹಳ ಜನ ಈ ಕೊನೆಯದನ್ನು ಮರೆಯುತ್ತಾರೆ. ದಿನಕ್ಕೆ ಮೂರು ಗಂಟೆ ರೈಲಿನಲ್ಲಿ ಹೋದರೆ ವಾರಕ್ಕೆ 18 ಗಂಟೆ, ಹೆಚ್ಚುಕಮ್ಮಿ ಇನ್ನೊಂದು ಕೋರ್ಸು ಮಾಡಿದಷ್ಟೇ ಆಯಿತು.

ಎರಡೂ ಕಡೆ ತಾಗುವ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ನನಗೆ ನಾಲ್ಕು ಸುತ್ತು ಬಂತು. ಪ್ರತಿ ಸುತ್ತಿನ ಪಕ್ಕ ಒಬ್ಬರ ಹೆಸರು ಬರೆಯಬೇಕು, ಆ ಹೆಸರಿನವರನ್ನು ಕೇಳಿಯೇ ಬರೆಯಬೇಕು. "ಯಾರಾದರೂ ನೋಡಿಕೊಳ್ಳುತ್ತಾರೆ" ಎಂದು ಬಿಟ್ಟ ಸುತ್ತು ಕೊನೆಗೆ ನಿಮ್ಮ ತಲೆಗೇ ಬರುತ್ತದೆ.

ಕೆಲಸದಲ್ಲಿರುವವರಿಗೆ ಒಂದು ಮಾತು. ಕಂಪನಿಯಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಮುಂದೆ ಸನದು ಪಡೆದು ಕೋರ್ಟಿಗೆ ಹೋಗುವ ಆಸೆಯಿದ್ದರೆ, ಪೂರ್ಣಾವಧಿ ಸಂಬಳದ ಕೆಲಸ ಮತ್ತು ವಕೀಲಿ ಎರಡೂ ಒಟ್ಟಿಗೆ ನಡೆಯುವುದಿಲ್ಲ ಅನ್ನುವುದನ್ನು ಈಗಲೇ ಮನಸ್ಸಿನಲ್ಲಿಡಿ.

ಹೆಜ್ಜೆ 3: ಕಾಲೇಜನ್ನು ರೈಲು ನೋಡಿ ಆರಿಸಿ

ಚರ್ಚ್‌ಗೇಟ್‌ನ ಗವರ್ನ್‌ಮೆಂಟ್ ಲಾ ಕಾಲೇಜು 1855ರದು, ಏಷ್ಯಾದಲ್ಲೇ ಹಳೆಯದು ಎನ್ನುತ್ತಾರೆ. 1935ರಲ್ಲಿ ಅಂಬೇಡ್ಕರರು ಅಲ್ಲಿ ಪ್ರಿನ್ಸಿಪಾಲರಾದರು. ಫೀಸೂ ಕಮ್ಮಿ. ಆ ಹೆಸರು ಕೇಳಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ, ನನಗೂ ಹುಟ್ಟಿತ್ತು. ಆದರೆ ಡೊಂಬಿವಲಿಯಿಂದ ಸಿಎಸ್‌ಎಂಟಿ ಸ್ಟೇಷನ್ನಿಗೆ ಫಾಸ್ಟ್ ಲೋಕಲಿನಲ್ಲೇ ಒಂದು ಗಂಟೆಗೂ ಮೇಲೆ. ಅಲ್ಲಿಂದ ಚರ್ಚ್‌ಗೇಟಿಗೆ ನಡಿಗೆ. ಎಂಟು ಗಂಟೆಯ ಕ್ಲಾಸಿಗೆ ಮನೆಯಿಂದ ಆರಕ್ಕೆಲ್ಲ ಹೊರಡಬೇಕು. ಆರು ಗಂಟೆಗೆ ನನ್ನ ಮಗಳು ಕಣ್ಣೂ ಬಿಟ್ಟಿರುವುದಿಲ್ಲ.

ಹಾಗಾಗಿ ನಾನು ಠಾಣೆ ಕಡೆಯ ಒಂದು ಕಾಲೇಜು ಆರಿಸಿಕೊಂಡೆ. ಫಾಸ್ಟ್ ಲೋಕಲಿನಲ್ಲಿ ಇಪ್ಪತ್ತು ನಿಮಿಷ. ಮಗಳಿಗೆ ಜ್ವರ ಎಂದು ಶಾಲೆಯಿಂದ ಫೋನ್ ಬಂದರೆ ಒಂದು ಗಂಟೆಯೊಳಗೆ ನಾನು ಶಾಲೆಯ ಗೇಟಿನಲ್ಲಿ ಇರಬಲ್ಲೆ. ಇದು ಮೂರು ವರ್ಷದಲ್ಲಿ ಏಳು ಸಲ ಆಯಿತು. ಸನದು ಕೊಡುವವರು ಯಾವ ಕಾಲೇಜು ಎಂದು ಮುಖ ನೋಡುವುದಿಲ್ಲ, ಡಿಗ್ರಿ ಎಲ್ಲರಿಗೂ ವಿಶ್ವವಿದ್ಯಾಲಯದ್ದೇ.

ಲೈನಿನ ಪ್ರಕಾರ ಯೋಚಿಸಿ. ಸೆಂಟ್ರಲ್ ಲೈನಿನವರಿಗೆ ಠಾಣೆ, ಉಲ್ಲಾಸನಗರ. ವೆಸ್ಟರ್ನ್ ಲೈನಿನವರಿಗೆ ವಿಲೆ ಪಾರ್ಲೆಯಲ್ಲಿ ಜಿತೇಂದ್ರ ಚೌಹಾಣ್ ಮತ್ತು ಪ್ರವೀಣ್ ಗಾಂಧಿ, ಬಾಂದ್ರಾದಲ್ಲಿ ರಿಜ್ವಿ. ಹಾರ್ಬರ್ ಲೈನಿನವರಿಗೆ ಚೆಂಬೂರಿನಲ್ಲಿ ನಮ್ಮವರೇ ಕಟ್ಟಿದ ಚೆಂಬೂರು ಕರ್ನಾಟಕ ಸಂಘದ ಕಾನೂನು ಕಾಲೇಜು ಇದೆ. ನವಿ ಮುಂಬಯಿಯವರಿಗೆ ಬೇಲಾಪುರ, ನೆರೂಳ್.

ಆರಿಸುವ ಮುಂಚೆ ಒಂದು ದಿನ ಹೋಗಿ ನೋಡಿ ಬನ್ನಿ. ಆಫೀಸಿನಲ್ಲಿ ಅಲ್ಲ, ಗೇಟಿನ ಹತ್ತಿರ ಚಹಾ ಕುಡಿಯುತ್ತಿರುವ ಎರಡನೇ ವರ್ಷದವರನ್ನು ಕೇಳಿ. ಬ್ಯಾಚು ಬೆಳಗ್ಗೆಯದೋ ಮಧ್ಯಾಹ್ನದ್ದೋ? ಕೊನೆಯ ಗಳಿಗೆಯಲ್ಲಿ ಟೈಮ್‌ಟೇಬಲ್ ಬದಲಾಯಿಸುತ್ತಾರಾ? ಶನಿವಾರ ಕ್ಲಾಸಿದೆಯಾ? ನನಗೆ ಆಫೀಸಿನಲ್ಲಿ "ಮಧ್ಯಾಹ್ನ ಹನ್ನೆರಡಕ್ಕೆಲ್ಲ ಬಿಡ್ತೇವೆ" ಎಂದಿದ್ದರು. ಎರಡನೇ ಸೆಮಿಸ್ಟರಿನಿಂದ ಅದು ಎರಡೂವರೆ ಆಯಿತು. ಪಾಳ್ನಾಘರ, ಅಂದರೆ ದುಡ್ಡು ಕೊಟ್ಟು ಮಕ್ಕಳನ್ನು ಬಿಡುವ ಮನೆ, ಅಲ್ಲಿಯ ಹೆಂಗಸಿಗೆ ಹೆಚ್ಚುವರಿ ಕೊಟ್ಟು ಬಗೆಹರಿಸಬೇಕಾಯಿತು.

ಕಾಲೇಜಿಗೆ ಬಾರ್ ಕೌನ್ಸಿಲ್ ಮಾನ್ಯತೆ ಈ ವರ್ಷಕ್ಕೂ ಇದೆಯೇ ಎಂದು ನೋಡುವುದನ್ನು ಮಾತ್ರ ಬಿಡಬೇಡಿ.

ಹೆಜ್ಜೆ 4: ಕಾಗದಪತ್ರ, ಅಂದರೆ ಕರ್ನಾಟಕದ ಕಪಾಟು

ಕರ್ನಾಟಕದಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದವರು ಎಡವುವುದು ಪರೀಕ್ಷೆಯಲ್ಲಲ್ಲ, ಇಲ್ಲಿ. ಪರೀಕ್ಷೆಗಿಂತ ಆರು ತಿಂಗಳು ಮೊದಲೇ ಶುರು ಮಾಡಿ.

ಮೊದಲ ತೊಡಕು ಹೆಸರು. ನಮ್ಮ ಊರಿನ ಮಾರ್ಕ್ಸ್‌ಕಾರ್ಡಿನಲ್ಲಿ ಒಂದು ಇನಿಶಿಯಲ್, ಒಂದು ಹೆಸರು. ಮಹಾರಾಷ್ಟ್ರದ ಫಾರಂಗಳಿಗೆ ಅಡ್ಡಹೆಸರು, ಹೆಸರು, ಗಂಡನ ಅಥವಾ ಅಪ್ಪನ ಹೆಸರು ಮೂರೂ ಬೇಕು. ಆಧಾರ್‌ನಲ್ಲಿ ಮದುವೆಯ ನಂತರದ ಹೆಸರು, ಮಾರ್ಕ್ಸ್‌ಕಾರ್ಡಿನಲ್ಲಿ ಮೊದಲಿನದು. ನನ್ನ ಅನುಭವದಲ್ಲಿ ಪ್ರವೇಶದ ಅರ್ಜಿಯನ್ನು ಮಾರ್ಕ್ಸ್‌ಕಾರ್ಡಿನಲ್ಲಿ ಇರುವ ಹಾಗೇ ತುಂಬುವುದು ಜಾಣತನ. ಜೊತೆಗೆ ಮದುವೆ ನೋಂದಣಿ ಪತ್ರ ಇಟ್ಟುಕೊಳ್ಳಿ, ಗೆಜೆಟ್‌ನಲ್ಲಿ ಹೆಸರು ಬದಲಿಸಿದ್ದರೆ ಅದೂ ಇರಲಿ. ಮುಂದೆ ಸನದಿನ ಮೇಲೆ ಯಾವ ಹೆಸರು ಬರಬೇಕು ಎನ್ನುವುದನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಬದಲಿಸುವುದು ತಲೆನೋವು.

ಎರಡನೆಯದು ಮೈಗ್ರೇಷನ್. ಬೇರೆ ವಿಶ್ವವಿದ್ಯಾಲಯದಿಂದ ಬಂದವರು ಅಲ್ಲಿಂದ ಮೈಗ್ರೇಷನ್ ಸರ್ಟಿಫಿಕೇಟ್ ತರಬೇಕು, ಇಲ್ಲಿನ ವಿಶ್ವವಿದ್ಯಾಲಯದಿಂದ ಎಲಿಜಿಬಿಲಿಟಿ (ಅರ್ಹತೆಯ ಒಪ್ಪಿಗೆ) ಮಾಡಿಸಬೇಕು. ನನ್ನ ಬಿ.ಕಾಂ. ಮಂಗಳೂರು ವಿಶ್ವವಿದ್ಯಾಲಯದ್ದು, 2004ರದು. ನಾನು ಓದಿದ ಕಾಲೇಜಿನ ಟಿಸಿ ಎಲ್ಲೋ ಕಳೆದುಹೋಗಿತ್ತು. ನಕಲು ಪ್ರತಿಗೆ ತಮ್ಮ ಮೂರು ಸಲ ಹೋಗಿ ಬಂದ. ಊರಿನಲ್ಲಿ ಒಬ್ಬ ತಮ್ಮನೋ ಮೈದುನನೋ ಇಲ್ಲದಿದ್ದರೆ ಮೇ ತಿಂಗಳ ರಜೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿದಾಗ ಈ ಕೆಲಸವನ್ನೂ ಚೀಲದಲ್ಲಿ ಹಾಕಿಕೊಳ್ಳಿ.

ಮೂರನೆಯದು ಗ್ಯಾಪ್ ಅಫಿಡವಿಟ್. ಡಿಗ್ರಿ ಮುಗಿಸಿ ಇಷ್ಟು ವರ್ಷ ಬೇರೆ ಯಾವ ಕೋರ್ಸಿಗೂ ಸೇರಿರಲಿಲ್ಲ ಎಂದು ಬರೆದುಕೊಡುವುದು. ನೋಟರಿ ನನ್ನನ್ನು ಕೇಳಿದರು, "18 ವರ್ಷ ಏನು ಮಾಡ್ತಿದ್ರಿ ಅಂತ ಬರೀಲಿ?" ಗೃಹಿಣಿ ಎಂದು ಬರೆಯಿತು ಅವರ ಟೈಪಿಸ್ಟ್ ಕೈ. ನನಗೆ ನಗು ಬಂತು. 18 ವರ್ಷ ಮೂರೇ ಅಕ್ಷರದಷ್ಟು ಜಾಗ ತೆಗೆದುಕೊಂಡಿತ್ತಲ್ಲ.

ನಾಲ್ಕನೆಯದು ಡೊಮಿಸೈಲ್, ಅಂದರೆ ಈ ರಾಜ್ಯದ ನಿವಾಸಿ ಎನ್ನುವ ಪತ್ರ. ಸೀಟುಗಳಲ್ಲಿ ಬಹುಪಾಲು ಮಹಾರಾಷ್ಟ್ರದವರಿಗೆ. ಇಲ್ಲಿ ನೆಲೆಸಿದ್ದಕ್ಕೆ ದಾಖಲೆ ಇದ್ದರೆ 'ಆಪ್ಲೆ ಸರ್ಕಾರ್' ಎಂಬ ಸರಕಾರಿ ಪೋರ್ಟಲಿನ ಮೂಲಕ ಡೊಮಿಸೈಲ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿ. ಸಾಮಾನ್ಯವಾಗಿ 15 ವರ್ಷದ ವಾಸದ ಪುರಾವೆ ಕೇಳುತ್ತಾರೆ. ಹಳೆಯ ರೇಷನ್ ಕಾರ್ಡು, ಲೈಟ್ ಬಿಲ್ಲು, ಗ್ಯಾಸ್ ಪುಸ್ತಕ ಯಾವುದನ್ನೂ ಬಿಸಾಡಬೇಡಿ.

ಐದನೆಯದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕರ್ನಾಟಕದ ಜಾತಿ ಪ್ರಮಾಣಪತ್ರದ ಮೇಲೆ ಮಹಾರಾಷ್ಟ್ರದಲ್ಲಿ ಮೀಸಲಾತಿ ಸೀಟು ಸಿಗುವುದಿಲ್ಲ. ಗಂಡ ಇಲ್ಲಿಯವರೇ ಆದರೂ ಅಷ್ಟೆ, ಮದುವೆಯಿಂದ ಜಾತಿ ಬರುವುದಿಲ್ಲ, ಅಪ್ಪನ ಕಡೆಯ ದಾಖಲೆಯೇ ಲೆಕ್ಕ. ನನ್ನ ಜೊತೆ ಅರ್ಜಿ ಹಾಕಿದ ಒಬ್ಬರಿಗೆ ಇದು ಗೊತ್ತಾದದ್ದು ದಾಖಲೆ ಪರಿಶೀಲನೆಯ ದಿನ. ಮುಂಬಯಿಯಲ್ಲೇ ಹುಟ್ಟಿ ಬೆಳೆದು, ಅಪ್ಪನ ಹೆಸರಿನಲ್ಲಿ ಇಲ್ಲಿನ ಪ್ರಮಾಣಪತ್ರ ಇದ್ದವರ ಮಾತು ಬೇರೆ.

ಹೆಜ್ಜೆ 5: ಸಿಇಟಿ

ಕಾನೂನು ಕೋರ್ಸಿನ ಈ ಪ್ರವೇಶ ಪರೀಕ್ಷೆಯನ್ನು ರಾಜ್ಯದ ಸಿಇಟಿ ಸೆಲ್ ವರ್ಷಕ್ಕೊಮ್ಮೆ ನಡೆಸುತ್ತದೆ. ಅರ್ಜಿ ಚಳಿಗಾಲದಲ್ಲಿ ಶುರುವಾಗುತ್ತದೆ, ಪರೀಕ್ಷೆ ಬೇಸಿಗೆಯಲ್ಲಿ. ಕಂಪ್ಯೂಟರ್ ಮುಂದೆ ಕೂತು ಬರೆಯುವ ಪರೀಕ್ಷೆ, ಇಂಗ್ಲಿಷ್ ಮತ್ತು ಮರಾಠಿಯಲ್ಲಿ ಪ್ರಶ್ನೆ ಇರುತ್ತದೆ. ನಾನು ಬರೆದಾಗ 150 ಪ್ರಶ್ನೆ ಇತ್ತು. 2025ರಿಂದ 120 ಮಾಡಿದ್ದಾರೆ, ಸಮಯ ಎರಡು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಡಿಯುವುದಿಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.

ಮೂರು ವರ್ಷದ ಕೋರ್ಸಿನ 120ರಲ್ಲಿ ಇಂಗ್ಲಿಷಿಗೆ 40, ಸಾಮಾನ್ಯ ಜ್ಞಾನಕ್ಕೆ 32, ಕಾನೂನಿನ ತರ್ಕಕ್ಕೆ 24, ಸಾಮಾನ್ಯ ತರ್ಕಕ್ಕೆ 24. ಅಂದರೆ 72 ಅಂಕ ಪೇಪರ್ ಓದುವವರ ಕೈಯಲ್ಲೇ ಇದೆ. ಬೆಳಗ್ಗೆ ಚಹಾದ ಜೊತೆ ಒಂದು ಇಂಗ್ಲಿಷ್ ಪೇಪರನ್ನು ನಾಲ್ಕು ತಿಂಗಳು ಓದಿದರೆ ಸಾಕು. ಸಾವಿರಾರು ರೂಪಾಯಿಯ ಕ್ಲಾಸಿಗೆ ಸೇರಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ತರ್ಕದ ಪ್ರಶ್ನೆಗಳನ್ನು ಮಗನ ಜೊತೆ ಮಾಡುತ್ತಿದ್ದೆ. ಅವನ ಶಾಲೆಯ ಒಲಿಂಪಿಯಾಡ್ ಪುಸ್ತಕ, ನನ್ನ ಪುಸ್ತಕ, ಎರಡರ ಪ್ರಶ್ನೆಯೂ ಹೆಚ್ಚುಕಮ್ಮಿ ಒಂದೇ. ಅವನೇ ಜಾಸ್ತಿ ಸರಿ ಮಾಡುತ್ತಿದ್ದ.

ಹೆಜ್ಜೆ 6: ಕ್ಯಾಪ್ ರೌಂಡು ಮತ್ತು ದುಡ್ಡು

ಫಲಿತಾಂಶ ಬಂದ ಮೇಲೆ ಮತ್ತೆ ಆನ್‌ಲೈನಿನಲ್ಲಿ ಪ್ರವೇಶಕ್ಕೆ ನೋಂದಣಿ ಮಾಡಿ, ಕಾಲೇಜುಗಳ ಹೆಸರನ್ನು ನಿಮ್ಮ ಇಷ್ಟದ ಕ್ರಮದಲ್ಲಿ ತುಂಬಬೇಕು. ಇದಕ್ಕೆ ಎಲ್ಲರೂ ಕ್ಯಾಪ್ ಎನ್ನುತ್ತಾರೆ. ಪರೀಕ್ಷೆ ಬರೆದರೆ ಸೀಟು ತಾನಾಗಿ ಬರುತ್ತದೆ ಎಂದುಕೊಂಡು ಸುಮ್ನೆ ಕೂತವರೂ ಇದ್ದಾರೆ. ಬರುವುದಿಲ್ಲ. ಹೋಗಲಾರದ ದೂರದ ಕಾಲೇಜನ್ನು ಹೆಸರಿನ ಆಸೆಗೆ ಮೇಲೆ ಹಾಕಬೇಡಿ, ಅದೇ ಸಿಕ್ಕಿಬಿಡುತ್ತದೆ.

ಫೀಸು ಸರಕಾರಿ ಕಾಲೇಜಿನಲ್ಲಿ ಕೆಲವು ಸಾವಿರ, ಖಾಸಗಿಯಲ್ಲಿ ಹಲವು ಪಟ್ಟು. ಖಾಸಗಿ ಕಾಲೇಜಿನ ಫೀಸನ್ನು ರಾಜ್ಯದ ಶುಲ್ಕ ನಿಯಂತ್ರಣ ಪ್ರಾಧಿಕಾರ ಗೊತ್ತು ಮಾಡುತ್ತದೆ. ಅವರ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಹೋಗಿ. 2024ರ ಜುಲೈ ಆದೇಶದ ಪ್ರಕಾರ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದು, ಆರ್ಥಿಕವಾಗಿ ಹಿಂದುಳಿದ, ಸಾಮಾಜಿಕವಾಗಿ ಹಿಂದುಳಿದ ಅಥವಾ ಇತರ ಹಿಂದುಳಿದ ವರ್ಗಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸಿನ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಆದರೆ ಕ್ಯಾಪ್ ಮೂಲಕ ಬಂದ ಸೀಟಿಗೆ ಮಾತ್ರ, ಮ್ಯಾನೇಜ್‌ಮೆಂಟ್ ಸೀಟಿಗಿಲ್ಲ. ಅರ್ಜಿ 'ಮಹಾಡಿಬಿಟಿ' ಪೋರ್ಟಲಿನಲ್ಲಿ. ನಿಮಗೆ ಅನ್ವಯಿಸುತ್ತದೆಯೇ ಎಂದು ಕಾಲೇಜಿನ ಸ್ಕಾಲರ್‌ಶಿಪ್ ಗುಮಾಸ್ತರನ್ನು ಸೇರುವ ದಿನವೇ ಕೇಳಿ.

ಫೀಸಿನ ಜೊತೆ ಪಾಳ್ನಾಘರ, ರಿಕ್ಷಾ, ಜೆರಾಕ್ಸ್, ಅಂಗಡಿಯ ಇಡ್ಲಿ ಹಿಟ್ಟು ಎಲ್ಲವನ್ನೂ ಬರೆಯಿರಿ. ನನ್ನ ಮೊದಲ ವರ್ಷದಲ್ಲಿ ಇವೆಲ್ಲ ಸೇರಿ ಫೀಸಿಗಿಂತ ಜಾಸ್ತಿ ಆಯಿತು.

ಹೆಜ್ಜೆ 7: ಮನೆಯವರ ಜೊತೆ ಕರಾರು

ಮೊದಲ ಸೆಮಿಸ್ಟರಿನಲ್ಲಿ ಓದುವ ಪಾಠವೇ ಕರಾರು ಕಾಯಿದೆ. ಅದರಲ್ಲಿ 1919ರ ಬಾಲ್ಫೋರ್ ಕೇಸು ಬರುತ್ತದೆ. ಗಂಡ ಹೆಂಡತಿಗೆ ತಿಂಗಳಿಗೆ 30 ಪೌಂಡ್ ಕಳಿಸುತ್ತೇನೆ ಎಂದ, ಕಳಿಸಲಿಲ್ಲ. ಗಂಡ ಹೆಂಡಿರ ನಡುವಿನ ಇಂಥ ಮಾತು ಕರಾರಲ್ಲ, ಕೋರ್ಟಿಗೆ ತರಲಾಗದು ಎಂದಿತು ಇಂಗ್ಲೆಂಡಿನ ಕೋರ್ಟು. ನಮ್ಮ ಮನೆಯವರು ಆ ಕೇಸನ್ನು ಬಹಳ ಇಷ್ಟಪಟ್ಟರು. ಹಾಗಾಗಿ ನಾನು ಎಲ್ಲವನ್ನೂ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಬೆಳಗ್ಗೆ ಇಬ್ಬರು ಮಕ್ಕಳ ಡಬ್ಬಾ ಇವರದ್ದು. ನಾನು ಹಿಂದಿನ ರಾತ್ರಿ ತರಕಾರಿ ಹೆಚ್ಚಿಡುವುದು, ಇವರು ಒಗ್ಗರಣೆ ಹಾಕುವುದು. 12.40ರ ಬಸ್ಸಿಗೆ ಸೋಮ, ಬುಧ, ಶುಕ್ರ ಅತ್ತೆ. ಮಂಗಳ, ಗುರು ಎರಡನೇ ಮಹಡಿಯ ಮರಾಠಿ ಕಾಕು. ಅದಕ್ಕೆ ಬದಲಾಗಿ ಅವರ ಮೊಮ್ಮಗನಿಗೆ ಶನಿವಾರ ಲೆಕ್ಕ ಹೇಳಿಕೊಡುವುದು ನಾನು. ಸುಮ್ಮನೆ ಸಹಾಯ ಕೇಳಿದರೆ ಎರಡು ತಿಂಗಳು ನಡೆಯುತ್ತದೆ. ಕೊಟ್ಟು ತೆಗೆದುಕೊಂಡರೆ ಮೂರು ವರ್ಷ ನಡೆಯುತ್ತದೆ.

ಅತ್ತೆ ಊರಿಗೆ ಹೋದ ಒಂದು ತಿಂಗಳು ಎಲ್ಲ ಕುಸಿದು ಬಿತ್ತು. ಆ ತಿಂಗಳು ನಾನು ಮೂರು ದಿನ ಮಗಳನ್ನು ಕ್ಲಾಸಿಗೇ ಕರೆದುಕೊಂಡು ಹೋದೆ. ಕೊನೆಯ ಬೆಂಚಿನಲ್ಲಿ ಬಣ್ಣ ಹಚ್ಚುತ್ತಾ ಕೂತಿದ್ದಳು. ಮೇಷ್ಟ್ರು ಮೊದಲೇ ಒಪ್ಪಿದ್ದರು. ಕೇಳದೆ ಕರೆದುಕೊಂಡು ಹೋಗಬೇಡಿ, ಕೇಳಿದರೆ ಬೇಡ ಎನ್ನುವವರು ಕಮ್ಮಿ.

ನೆಂಟರ ಮದುವೆ, ಉಪನಯನ, ಸಂಘದ ಕಾರ್ಯಕ್ರಮಗಳಿಗೆ ಒಂದು ಮಾತು ಮೊದಲೇ ಹೇಳಿಬಿಡಿ. "ಪರೀಕ್ಷೆ ಇದೆ" ಎಂದರೆ "ಮಗನಿಗಾ?" ಎಂದು ಕೇಳುತ್ತಾರೆ. ಅಲ್ಲ, ನನಗೇ ಎಂದು ಮೂರು ನಾಲ್ಕು ಸಲ ಹೇಳಬೇಕಾಗುತ್ತದೆ.

ಹೆಜ್ಜೆ 8: ಓದುವ ಬಗೆ

ಪುಸ್ತಕದ ವಿಷಯದಲ್ಲಿ ಒಂದು ಎಚ್ಚರಿಕೆ. ಫೋರ್ಟಿನ ಫುಟ್‌ಪಾತಿನಲ್ಲಿ ಹಳೆಯ ಕಾನೂನು ಪುಸ್ತಕ ಅಗ್ಗಕ್ಕೆ ಸಿಗುತ್ತದೆ. ಕರಾರು, ಆಸ್ತಿ ವರ್ಗಾವಣೆಗೆ ಅದು ನಡೆಯುತ್ತದೆ. ಅಪರಾಧ ಕಾನೂನಿಗೆ ನಡೆಯುವುದಿಲ್ಲ. 2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ದಂಡ ಪ್ರಕ್ರಿಯಾ ಸಂಹಿತೆ ಮತ್ತು ಸಾಕ್ಷ್ಯ ಕಾಯಿದೆಯೂ ಬದಲಾಗಿವೆ. ಐಪಿಸಿಯಲ್ಲಿ 511 ಕಲಂ ಇತ್ತು, ಈಗ 358. ಕೊಲೆಗೆ 302 ಎಂದು ಸಿನಿಮಾ ನೋಡಿ ಕಲಿತದ್ದು ಈಗ 103. ಮೋಸದ 420 ಈಗ 318. ನಮ್ಮ ಬ್ಯಾಚು ಮೊದಲ ವರ್ಷ ಐಪಿಸಿ ಉರು ಹೊಡೆದು, ಕೊನೆಯ ವರ್ಷ ಎಲ್ಲವನ್ನೂ ಮತ್ತೆ ಕಲಿಯಿತು. ಆದರೂ ಹಳೆಯದನ್ನು ಪೂರ್ತಿ ಮರೆಯುವ ಹಾಗಿಲ್ಲ. 2024ರ ಜುಲೈಗಿಂತ ಮುಂಚಿನ ಅಪರಾಧಗಳ ಕೇಸು ಐಪಿಸಿಯ ಅಡಿಯಲ್ಲೇ ನಡೆಯುತ್ತಿವೆ. ಮೂಲ ಕಾಯಿದೆಗಳು ಸರಕಾರದ 'ಇಂಡಿಯಾ ಕೋಡ್' ತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಓದುವ ಹೊತ್ತು ಎಲ್ಲಿಂದ ತರುವುದು? ನನಗೆ ಬೆಳಗಿನ ನಾಲ್ಕೂವರೆಯಿಂದ ಆರು. ರಾತ್ರಿ ಓದಲು ಕೂತರೆ ಮಕ್ಕಳ ಜೊತೆಗೇ ನಿದ್ದೆ ಹೋಗುತ್ತಿದ್ದೆ. ಲೋಕಲಿನ ಲೇಡೀಸ್ ಡಬ್ಬಾದಲ್ಲಿ ಪುಸ್ತಕ ತೆರೆಯಲು ಜಾಗವಿಲ್ಲ, ಕಿವಿಗೆ ಜಾಗವಿದೆ. ಕಲಂಗಳನ್ನು ನನ್ನದೇ ದನಿಯಲ್ಲಿ ಫೋನಿಗೆ ಓದಿ ಹಾಕಿ, ನಿಂತುಕೊಂಡೇ ಕೇಳುತ್ತಿದ್ದೆ. ಅಡುಗೆ ಮಾಡುವಾಗಲೂ ಅದೇ.

ಕೇಸುಗಳನ್ನು ನೆನಪಿಡುವುದಕ್ಕೆ ನನಗೆ ಸಿಕ್ಕ ಉಪಾಯ ಮಕ್ಕಳೇ. ಪ್ರತಿ ಕೇಸೂ ಒಂದು ಕಥೆ. ರಾತ್ರಿ ಮಲಗುವಾಗ ಅದನ್ನೇ ಹೇಳಿದೆ. ಶುಂಠಿ ಪಾನೀಯದ ಬಾಟಲಿಯಲ್ಲಿ ಬಸವನಹುಳ ಸಿಕ್ಕ 1932ರ ಡೊನೋಘ್ಯೂ ಕೇಸು ಮಗಳಿಗೆ ಭಾರಿ ಇಷ್ಟ. 1913ರ ಲಾಲ್‌ಮನ್ ಶುಕ್ಲಾ ಕೇಸು ಹೇಳಿದ ರಾತ್ರಿ ಮಾತ್ರ ಗಲಾಟೆಯೇ ಆಯಿತು. ಯಜಮಾನನ ಮನೆಯ ಹುಡುಗ ಕಾಣೆಯಾದ. ಹುಡುಕಿ ತರಲು ಮುನೀಮನನ್ನು ಕಳಿಸಿದರು. ಅವನು ಹೋದ ಮೇಲೆ, ಹುಡುಕಿದವರಿಗೆ ಬಹುಮಾನ ಎಂದು ಸಾರಿದರು. ಅವನು ಹುಡುಗನನ್ನು ಪತ್ತೆ ಮಾಡಿದ. ಬಹುಮಾನದ ಸುದ್ದಿ ಗೊತ್ತಾದದ್ದು ಆಮೇಲೆ. ಕೋರ್ಟು ಕೊಡಲಿಲ್ಲ. ಗೊತ್ತೇ ಇಲ್ಲದ ಪ್ರಸ್ತಾಪವನ್ನು ಒಪ್ಪಿಕೊಳ್ಳುವುದು ಹೇಗೆ ಎಂದಿತು. "ಮೋಸ ಇದು!" ಎಂದು ಮಗ ಎದ್ದು ಕೂತ. ಯಾಕೆ ಮೋಸ ಅಲ್ಲ ಎಂದು ಅರ್ಧ ಗಂಟೆ ವಾದ ಮಾಡಿದೆ. ಪರೀಕ್ಷೆಯಲ್ಲಿ ಅದೇ ಬಂತು, ನಾಲ್ಕು ಪುಟ ಬರೆದೆ.

ಅಂದಹಾಗೆ, ಬರೆಯುವುದು. 18 ವರ್ಷ ಸಾಮಾನಿನ ಚೀಟಿ ಬಿಟ್ಟು ಬೇರೇನೂ ಬರೆಯದ ಕೈ ಮೊದಲ ಪರೀಕ್ಷೆಯಲ್ಲಿ ಒಂದೇ ಗಂಟೆಗೆ ಮರಗಟ್ಟಿತು. ಕೊನೆಯ ಎರಡು ಪ್ರಶ್ನೆ ಗೊತ್ತಿದ್ದೂ ಬಿಟ್ಟು ಬಂದೆ. ಪರೀಕ್ಷೆಗೆ ಎರಡು ತಿಂಗಳು ಮೊದಲಿನಿಂದ ದಿನಕ್ಕೊಂದು ಉತ್ತರವನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ಓದಿದಷ್ಟೇ ಸಾಲದು.

ಮರಾಠಿ ಓದಲು ಬರದಿದ್ದರೆ ಈಗಲೇ ಶುರು ಮಾಡಿ. ಉತ್ತರವನ್ನು ಇಂಗ್ಲಿಷಿನಲ್ಲೇ ಬರೆಯಬಹುದು, ಆದರೆ ಕೆಳ ಕೋರ್ಟಿನಲ್ಲಿ ಎಫ್‌ಐಆರ್, ಪಂಚನಾಮೆ, ಸಾತ್‌ಬಾರಾ (ಇಲ್ಲಿನ ಪಹಣಿ) ಎಲ್ಲ ಮರಾಠಿಯಲ್ಲೇ. ಮಕ್ಕಳ ಶಾಲೆಯ ಮರಾಠಿ ಪುಸ್ತಕ ಒಳ್ಳೆಯ ಗುರು.

ಹೆಜ್ಜೆ 9: ಹಾಜರಿ ಅನ್ನುವ ಉಳಿತಾಯ ಖಾತೆ

ಬಾರ್ ಕೌನ್ಸಿಲ್ 70 ಪರ್ಸೆಂಟ್ ಹಾಜರಿ ಬೇಕೆನ್ನುತ್ತದೆ. ಇಲ್ಲಿನ ಕಾಲೇಜುಗಳು ಸಾಮಾನ್ಯವಾಗಿ 75 ಕೇಳುತ್ತವೆ. ಅಂದರೆ ನೂರರಲ್ಲಿ 25 ಕ್ಲಾಸು ನಿಮ್ಮ ಖಾತೆಯಲ್ಲಿದೆ. ಮೊದಲ ತಿಂಗಳಲ್ಲೇ ಅದನ್ನು ಖರ್ಚು ಮಾಡಬೇಡಿ. ಜುಲೈ, ಆಗಸ್ಟಿನ ಮಳೆಗೆ ಲೋಕಲ್ ನಿಲ್ಲುವ ದಿನಗಳಿವೆ. ಮಗುವಿನ ಜ್ವರವಿದೆ. ಪೇರೆಂಟ್ಸ್ ಮೀಟಿಂಗು ಯಾವಾಗಲೂ ಕ್ಲಾಸಿನ ಹೊತ್ತಿಗೇ ಇಡುತ್ತಾರೆ.

ಪ್ರತಿ ವಿಷಯದ ಹಾಜರಿಯನ್ನು ನೀವೇ ಡೈರಿಯಲ್ಲಿ ಬರೆದಿಡಿ. ನನ್ನ ಹಾಜರಿಯನ್ನು ಆಫೀಸು ಒಮ್ಮೆ ಅದೇ ಅಡ್ಡಹೆಸರಿನ ಇನ್ನೊಬ್ಬಳ ಖಾತೆಗೆ ಹಾಕಿತ್ತು. ಡೈರಿ ಇದ್ದ ಕಾರಣ ಸರಿಯಾಯಿತು. ಮಗು ಆಸ್ಪತ್ರೆಗೆ ಸೇರಿದರೆ ಡಿಸ್ಚಾರ್ಜ್ ಕಾಗದದ ಪ್ರತಿಯನ್ನು ಅದೇ ವಾರ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಸೆಮಿಸ್ಟರಿನ ಕೊನೆಯಲ್ಲಿ ಕೊಟ್ಟರೆ ಯಾರೂ ನಂಬುವುದಿಲ್ಲ.

ಹೆಜ್ಜೆ 10: ಇಂಟರ್ನ್‌ಶಿಪ್ಪು

ಮೂರು ವರ್ಷದಲ್ಲಿ ಕನಿಷ್ಠ 12 ವಾರ ಮಾಡಬೇಕು, ಒಂದೇ ಸಲಕ್ಕೆ ನಾಲ್ಕು ವಾರಕ್ಕಿಂತ ಹೆಚ್ಚಿಲ್ಲ. ಎಲ್ಲರೂ ಮೇ ತಿಂಗಳಲ್ಲಿ ಹುಡುಕುತ್ತಾರೆ. ಆಗ ಕೋರ್ಟಿಗೂ ರಜೆ, ಮಕ್ಕಳಿಗೂ ರಜೆ. ನನಗೆ ಸರಿಹೋದದ್ದು ಜೂನ್ ಮಧ್ಯದ ನಂತರದ ದಿನಗಳು. ಶಾಲೆ ಶುರುವಾಗಿರುತ್ತದೆ, ಕೋರ್ಟು ತೆರೆದಿರುತ್ತದೆ, ನಮ್ಮ ಕಾಲೇಜು ಇನ್ನೂ ಮೈಮುರಿಯುತ್ತಿರುತ್ತದೆ.

ದೊಡ್ಡ ಫರ್ಮಿನ ಹಿಂದೆ ಬೀಳಬೇಡಿ. ಅವರಿಗೆ ರಾತ್ರಿ ಹತ್ತರವರೆಗೆ ಕೂರುವವರು ಬೇಕು. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಫ್ಯಾಮಿಲಿ ಕೋರ್ಟು, ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟು, ಠಾಣೆಯ ಜಿಲ್ಲಾ ಕೋರ್ಟು, ಇಲ್ಲಿನ ಒಬ್ಬ ವಕೀಲರ ಜೊತೆ ಸೇರಿ. ಕೋರ್ಟಿನ ಕೆಲಸ ಐದೂವರೆಗೆ ಮುಗಿಯುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋಗಿ. 1987ರ ಕಾಯಿದೆಯ ಪ್ರಕಾರ ಹೆಂಗಸರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಅಲ್ಲಿಗೆ ಬಂದ ಒಬ್ಬ ಮುದುಕಿ ನನ್ನನ್ನೇ ವಕೀಲೆ ಎಂದುಕೊಂಡು ಎಲ್ಲ ಹೇಳಿಕೊಂಡರು. ಬಿಳಿ ಕೂದಲಿನಿಂದ ಆದ ಲಾಭ ಅದೊಂದೇ.

ಹೆಜ್ಜೆ 11: ಡಿಗ್ರಿ ಕೈಗೆ ಬಂದ ಮೇಲೆ

ಸನದಿಗೆ ಬಾರ್ ಕೌನ್ಸಿಲ್ ಆಫ್ ಮಹಾರಾಷ್ಟ್ರ ಆಂಡ್ ಗೋವಾದಲ್ಲಿ ಅರ್ಜಿ. ಮೊದಲೆಲ್ಲ ಇದಕ್ಕೆ ಹತ್ತಾರು ಸಾವಿರ ಆಗುತ್ತಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು, ಕಾಯಿದೆಯಲ್ಲಿ ಇರುವ 750 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ತೆಗೆದುಕೊಳ್ಳಬಾರದು ಎಂದಿತು. ಪರಿಶಿಷ್ಟರಿಗೆ 125. ಆಮೇಲೆ ಎರಡು ವರ್ಷದ ಒಳಗೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. 100 ಪ್ರಶ್ನೆ, ಸಾಮಾನ್ಯ ವರ್ಗಕ್ಕೆ 45 ಬಂದರೆ ಸಾಕು. ಟಿಪ್ಪಣಿ ಇಲ್ಲದ ಮೂಲ ಕಾಯಿದೆ ಪುಸ್ತಕ ಒಯ್ಯಬಹುದು.

ಜಡ್ಜ್ ಆಗುವ ಕನಸಿದ್ದರೆ ವಯಸ್ಸಿನ ಮಿತಿಯನ್ನು ಮೊದಲು ನೋಡಿ. 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿಯೂ ಬೇಕು. ನಮ್ಮ ವಯಸ್ಸಿನವರಿಗೆ ಆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದೆ. ನೋಟರಿ ಆಗಲು ಹೆಂಗಸರಿಗೆ 7 ವರ್ಷದ ವಕೀಲಿ ಸಾಕು, ಸಾಮಾನ್ಯವಾಗಿ 10. ಅದು ಸಾಧ್ಯವಿರುವ ಮಾತು. ಸೊಸೈಟಿಗಳ ಜಗಳ, ಪಗಡಿ ಮನೆ (ಮೊದಲೇ ದೊಡ್ಡ ಮೊತ್ತ ಕೊಟ್ಟು ಹಿಡಿದ ಹಳೆಯ ಬಾಡಿಗೆ ಮನೆ), ಕಟ್ಟಡದ ರೀಡೆವಲಪ್‌ಮೆಂಟು, ಹೋಟೆಲಿನ ಲೈಸೆನ್ಸು, ವಿಲ್ಲು, ಇವುಗಳಲ್ಲಿ ಮುಂಬಯಿ ಕನ್ನಡಿಗರಿಗೆ ಕನ್ನಡದಲ್ಲೋ ತುಳುವಿನಲ್ಲೋ ವಿವರಿಸಿ ಹೇಳುವ ವಕೀಲರು ಬೇಕೇ ಬೇಕು.

ಮೊದಲ ವರ್ಷ ಆದಾಯದ ಆಸೆ ಇಟ್ಟುಕೊಳ್ಳಬೇಡಿ. ನಗರದ ಜೂನಿಯರ್ ವಕೀಲರಿಗೆ ತಿಂಗಳಿಗೆ 20 ಸಾವಿರ ಕೊಡಿ ಎಂದು ಬಾರ್ ಕೌನ್ಸಿಲ್ 2024ರಲ್ಲಿ ಹೇಳಿದೆ, ಆದರೆ ಅದು ಸಲಹೆ ಮಾತ್ರ. ಮಕ್ಕಳ ಒಂದು ವರ್ಷದ ಸ್ಕೂಲ್ ಫೀಸನ್ನು ಬದಿಗೆ ಇಟ್ಟುಕೊಂಡೇ ಕಪ್ಪು ಕೋಟು ಹಾಕಿ.

ಕೋಟು ಹೊಲಿಸುವಾಗ ಹಗುರ ಬಟ್ಟೆ ಆರಿಸಿ, ಲೋಕಲಿನಲ್ಲಿ ಬೇಯಬೇಕಾಗುತ್ತದೆ. ಕೊರಳಿಗೆ ಕಟ್ಟುವ ಬಿಳಿ ಬ್ಯಾಂಡು ಎರಡು ಜೊತೆ ತೆಗೆದುಕೊಳ್ಳಿ. ನಮ್ಮ ಮನೆಯಲ್ಲಿ ಒಂದು ಜೊತೆ ಮಗಳ ಶಾಲೆಯ ಫ್ಯಾನ್ಸಿ ಡ್ರೆಸ್ಸಿಗೆ ಹೋಯಿತು, ಇನ್ನೂ ವಾಪಸ್ ಬಂದಿಲ್ಲ.